ಚಟ ಹತ್ತುವ ಮೊದಲು: ಮಕ್ಕಳು ತಾವೇ ಮಾಡಿಕೊಳ್ಳುವ ಪಾಠ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಮಾದಕ ವಸ್ತು ಎಂದರೆ ಹಿರಿಯರು ಗಾಂಜಾ, ಸೆರೆ ಎನ್ನುತ್ತಾರೆ. ಆದರೆ ಹದಿಮೂರರ ಹುಡುಗನ ಕೈಗೆ ಮೊದಲು ಸಿಗುವುದು ಪಾನ್ ಅಂಗಡಿಯ ಚೀಟು, ಇಲ್ಲವೇ ಪಂಕ್ಚರ್ ಹಚ್ಚುವ ಸೊಲ್ಯೂಶನ್. ಶಾಲೆ ಬಿಟ್ಟು ಮಗ್ಗಕ್ಕೆ, ಗ್ಯಾರೇಜಿಗೆ, ಕಬ್ಬು ಕಡಿಯಲು ಹೋಗುವ ಮಕ್ಕಳಿಗೆ, ಮನೆಯಲ್ಲಿ ದಿನಾ ಕುಡಿತ ನೋಡುವ ಮಕ್ಕಳಿಗೆ ಅಪಾಯ ಹೆಚ್ಚು.

ಇಂಥವರಿಗೆ ಸಭೆ ಸೇರಿಸಿ ಭಾಷಣ ಮಾಡಿದರೆ ತಲೆ ಅಲ್ಲಾಡಿಸಿ ಎದ್ದು ಹೋಗುತ್ತಾರೆ. ಬರೀ ಹೆದರಿಸುವುದರಿಂದಲೂ ಫಲ ಕಡಿಮೆ. ನಾಲ್ಕು ಜನರ ಮುಂದೆ ಕೇಳಲಾಗದ ಪ್ರಶ್ನೆ ಅವರೊಳಗೆ ಇರುತ್ತದೆ. ಅದಕ್ಕೇ ನಾವು ಹೇಳುವುದು, ಒಂದು ಸಣ್ಣ ನೋಟ್‌ಬುಕ್ ಕೊಡಿರಿ. ಅದನ್ನು ಅಪ್ಪ, ಅವ್ವ, ಮಾಸ್ತರ ಯಾರೂ ತೆರೆದು ನೋಡಬಾರದು.

ಮಕ್ಕಳೇ, ಮೊದಲ ಪಾಠ ನಿಮ್ಮ ಬಾಯಿಯದೇ. ಬಾಯಿ ಪೂರ್ತಿ ತೆರೆದು, ಮೂರು ಬೆರಳು ಒಂದರ ಮೇಲೊಂದು ಮಾಡಿ ಮುಂದಿನ ಹಲ್ಲುಗಳ ನಡುವೆ ಹಿಡಿಯಿರಿ. ಹಿಡಿಸದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿರಿ. ಅಡಿಕೆ, ಗುಟ್ಕಾ ಅಗಿಯುವವರ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ಮುಚ್ಚುತ್ತ ಬರುತ್ತದೆ, ಮುಂದೆ ಅದೇ ಕ್ಯಾನ್ಸರ್ ಆಗಬಹುದು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ 31ರಂದು. ಆಮೇಲೆ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಮಾಡಿ ಮಾರಿದರು. ಬಾಯಾಗ ಕೂಡಿದ ಮ್ಯಾಲೆ ಅದು ಗುಟ್ಕಾನೇ ಅಲ್ಲೇನು? 'ತಂಬಾಕಿಲ್ಲ, ಬರೇ ಅಡಿಕೆ' ಎಂಬ ಮಾತನ್ನೂ ನಂಬಬೇಡಿರಿ. ಅಡಿಕೆಯೇ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಇನ್ನು ಲೆಕ್ಕ. ಈ ವಾರ ಎಷ್ಟು ಚೀಟು, ಎಷ್ಟು ರೂಪಾಯಿ, ಯಾವ ಹೊತ್ತಿಗೆ, ಯಾರ ಜೊತೆ, ಎಲ್ಲ ಬರೆಯಿರಿ. ಸಾಮಾನ್ಯವಾಗಿ ಅದೇ ಕಟ್ಟೆ, ಅದೇ ದೋಸ್ತ, ಅದೇ ಸಂಜೆ ಮತ್ತೆ ಮತ್ತೆ ಬರುತ್ತದೆ. ಹಾಗಿದ್ದರೆ ಬದಲಿಸಬೇಕಾದದ್ದು ಸಂಜೆಯ ದಾರಿ. 'ಒಂದ್ಸಲ ತಗೋಳಲೇ, ಏನೂ ಆಗೂದಿಲ್ಲ' ಎಂದವನಿಗೆ ಏನು ಹೇಳುತ್ತೀರಿ? ನಿಮ್ಮ ಮಾತಿನಲ್ಲೇ ಬರೆದು, ಗಟ್ಟಿಯಾಗಿ ಅಂದು ನೋಡಿರಿ. ಸುಮ್ಮನೆ ಓದಿದ ಉತ್ತರ ಕಟ್ಟೆಯ ಮೇಲೆ ನೆನಪಾಗುವುದಿಲ್ಲ. ಬೇಕೆನಿಸಿದಾಗ ಹತ್ತು ನಿಮಿಷ ತಡೆಯಿರಿ, ನೀರು ಕುಡಿಯಿರಿ, ಅಲ್ಲಿಂದ ಏಳಿರಿ. ಆ ಸೆಳೆತ ಬಂದ ಹಾಗೇ ಇಳಿಯುತ್ತದೆ.

ಸೊಲ್ಯೂಶನ್ ಮೂಸುವವರಿಗೆ ಮಾತ್ರ ನೋಟ್‌ಬುಕ್ ಸಾಲದು. ಮೊದಲ ಸಲವೇ ಹೃದಯ ನಿಂತು ಸತ್ತವರಿದ್ದಾರೆ. ಕೈ ನಡುಗುವುದು, ನಿದ್ದೆ ಬಾರದಿರುವುದು ಕಂಡರೆ ಬೈಯದೆ, ಹೊಡೆಯದೆ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಕಿತ್ತೂರಿನವರಿಗೆ ಅದು ಬೆಳಗಾವಿಗಿಂತ ಸಮೀಪ.

ಅಂಗಡಿಯವರಿಗೂ ಒಂದು ಮಾತು. ಮಗುವಿಗೆ ಮದ್ಯ, ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಂತೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಕರ್ನಾಟಕದಲ್ಲಿ 2025ರಿಂದ ತಂಬಾಕು ಮಾರಲು ಗಿರಾಕಿಗೆ 21 ವರ್ಷ ತುಂಬಿರಬೇಕು.

ಹೆಸರು ಹೇಳದೆಯೇ ಮಾತಾಡಲು ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಈ ನಂಬರು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿರಿ.