ಪೆಟ್ರೋಲ್ ಬಂಕಿನಲ್ಲಿ ಕರೆಂಟು: ಅಂಗಡಿಯವರೂ ರೈತರೂ ಮಾಡಬೇಕಾದ ಲೆಕ್ಕ

ಹೊಗೆನಕಲ್ ರಸ್ತೆಯ ಬದಿಯಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಮನೆಗೆ ಬಂದಿದ್ದನು. “ಮೇಷ್ಟ್ರೇ, ಬೆಂಗಳೂರಿನ ಕಾರಿನವರು ಇಲ್ಲಿ ಚಾರ್ಜ್ ಆಗುತ್ತದೆಯೇ ಎಂದು ಕೇಳುತ್ತಾರೆ. ಬಂಕುಗಳಲ್ಲಿರುವಂಥ ದೊಡ್ಡ ಯಂತ್ರವನ್ನೇ ಹಾಕಿಸೋಣವೆಂದಿದ್ದೇನೆ. ಹೊಲದ ಪತ್ರ ಇಟ್ಟರೆ ಸಾಲ ಸಿಕ್ಕುತ್ತದೆ” ಎಂದನು. ಹೊಲದ ಪತ್ರ ಎಂದ ಕೂಡಲೇ ನಾನು ಕಾಗದ, ಸೀಸದಕಡ್ಡಿ ತರಿಸಿದೆನು. ಅಂದು ನಾವು ಮಾಡಿದ ಲೆಕ್ಕವು ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯುತ್ ವಾಹನಗಳು ನಮ್ಮ ಸೀಮೆಗೆ ಹೊಸತಲ್ಲ. 2021ರಿಂದ ಹೊಸೂರಿನಲ್ಲಿ ಏಥರ್ ಕಂಪೆನಿಯೂ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾ ಕಂಪೆನಿಯೂ ವಿದ್ಯುತ್ ಸ್ಕೂಟರುಗಳನ್ನು ತಯಾರಿಸುತ್ತಿವೆ. 2018ರ ಏಪ್ರಿಲಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು, ವಾಹನಗಳಿಗೆ ಚಾರ್ಜ್ ಮಾಡುವುದು ಒಂದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಪ್ರತ್ಯೇಕ ಲೈಸೆನ್ಸು ಬೇಡವೆಂದು ತಿಳಿಸಿತು. 2022ರಲ್ಲಿ ಭಾರತ್ ಪೆಟ್ರೋಲಿಯಂ ಕಂಪೆನಿಯು ಚೆನ್ನೈ–ತಿರುಚಿ–ಮಧುರೈ ಹೆದ್ದಾರಿಯ ಬಂಕುಗಳಲ್ಲಿ ಶೀಘ್ರ ಚಾರ್ಜಿನ ಯಂತ್ರಗಳನ್ನಿಟ್ಟಿತು. 2023ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು ಮೂರು ಸರ್ಕಾರಿ ತೈಲ ಕಂಪೆನಿಗಳಿಗೆ ಇಂಥ 7,432 ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರು ಮಾಡಿತು. ಬಂಕಿಗೆ ರಸ್ತೆಬದಿಯ ಜಾಗವಿದೆ, ಬೆನ್ನಿಗೆ ಕಂಪೆನಿಯಿದೆ. ಚಿಕ್ಕ ಅಂಗಡಿಯವನ ಸ್ಥಿತಿ ಬೇರೆ.

ಶೀಘ್ರ ಚಾರ್ಜೆಂದರೇನು?

ತಂತಿಯಲ್ಲಿ ಬರುವುದು ದಿಕ್ಕು ಬದಲಿಸುತ್ತಿರುವ ವಿದ್ಯುತ್ತು; ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತು. ನಿಧಾನ ಚಾರ್ಜಿನಲ್ಲಿ ಈ ಪರಿವರ್ತನೆಯನ್ನು ಕಾರಿನೊಳಗಿನ ಸಣ್ಣ ಸಾಧನವೇ ಮಾಡಿಕೊಳ್ಳುತ್ತದೆ. ಶೀಘ್ರ ಚಾರ್ಜಿನಲ್ಲಿ ಹೊರಗಿನ ದೊಡ್ಡ ಯಂತ್ರವು ಪರಿವರ್ತಿಸಿ, ನೇರವಾಗಿ ಬ್ಯಾಟರಿಗೆ ತುಂಬುತ್ತದೆ.

40 ಯೂನಿಟ್ ಹಿಡಿಯುವ ಬ್ಯಾಟರಿಯನ್ನು ನೂರಕ್ಕೆ 20ರಿಂದ 80ರ ವರೆಗೆ ತುಂಬಲು 24 ಯೂನಿಟ್ ಬೇಕು. 60 ಕಿಲೋವ್ಯಾಟ್ ಯಂತ್ರವು ಪೂರ್ಣ ಶಕ್ತಿಯಿಂದ ಕೊಟ್ಟರೆ 24 ನಿಮಿಷ ಸಾಕು. ಎಲ್ಲ ಕಾರುಗಳೂ ಅಷ್ಟು ವೇಗವಾಗಿ ತೆಗೆದುಕೊಳ್ಳಲಾರವಾದ್ದರಿಂದ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಎನ್ನಬಹುದು. 80 ದಾಟಿದ ಮೇಲೆ ವೇಗ ಇಳಿಯುತ್ತದೆ. ಖಾಲಿ ಮಡಿಗೆ ಕಾಲುವೆಯನ್ನು ಪೂರ್ತಿ ತಿರುಗಿಸುವ ರೈತನು, ಮಡಿ ತುಂಬುತ್ತ ಬಂದಂತೆ ಬದು ಒಡೆಯದಿರಲೆಂದು ನೀರು ತಗ್ಗಿಸುವುದಿಲ್ಲವೇ? ಇದೂ ಹಾಗೆಯೇ.

ನಮ್ಮ ಪಂಪುಸೆಟ್ಟುಗಳ ಗತಿಯೇನು?

5 ಅಶ್ವಶಕ್ತಿಯ ಮೋಟಾರೆಂದರೆ ಸುಮಾರು 3.7 ಕಿಲೋವ್ಯಾಟ್. ಹಾಗಾದರೆ 60 ಕಿಲೋವ್ಯಾಟಿನ ಒಂದು ಯಂತ್ರವು ಅಂಥ 16 ಮೋಟಾರುಗಳಿಗೆ ಸಮ! ಊರಿನ ಟ್ರಾನ್ಸ್‌ಫಾರ್ಮರು ಸಾಮಾನ್ಯವಾಗಿ 63 ಅಥವಾ 100 ಕೆ.ವಿ.ಎ. ಇರುತ್ತದೆ. ಅದೇ ಟ್ರಾನ್ಸ್‌ಫಾರ್ಮರಿಗೆ ಇಂಥ ಯಂತ್ರವನ್ನು ಜೋಡಿಸಿದರೆ ವೋಲ್ಟೇಜು ಕುಸಿಯುವುದು. ವೋಲ್ಟೇಜು ಕುಸಿದರೆ ಮೋಟಾರು ಹೆಚ್ಚು ಕರೆಂಟು ಎಳೆದು, ಕಾದು, ಕಾಯಿಲ್ ಸುಟ್ಟುಹೋಗುವುದು. ಆದುದರಿಂದ ನಿಮ್ಮೂರಿನಲ್ಲಿ ಯಾರಾದರೂ ಶೀಘ್ರ ಯಂತ್ರ ಹಾಕಿಸುವುದಾದರೆ, ಅದಕ್ಕೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರು ಉಂಟೇ ಎಂದು ವಿಚಾರಿಸತಕ್ಕದ್ದು. ಇದರಲ್ಲಿ ಸಂಕೋಚ ಬೇಡ.

ಸಾಲದ ಲೆಕ್ಕ

ಯಂತ್ರ, ಟ್ರಾನ್ಸ್‌ಫಾರ್ಮರು, ಕೇಬಲ್ಲು ಸೇರಿ 15 ಲಕ್ಷ ರೂಪಾಯಿ ಸಾಲವೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನೂರಕ್ಕೆ ವರ್ಷಕ್ಕೆ 10ರಂತೆ ಬಡ್ಡಿಯೇ ತಿಂಗಳಿಗೆ 12,500 ರೂ. ಯೂನಿಟ್ಟಿಗೆ 5 ರೂ. ಉಳಿದರೆ ಒಂದು ಕಾರಿನ 24 ಯೂನಿಟ್ಟಿಗೆ 120 ರೂ. ದಿನಕ್ಕೆ ಮೂರು ಕಾರು ಬಂದರೆ ತಿಂಗಳಿಗೆ 10,800 ರೂ. ಬಡ್ಡಿಗೇ ಸಾಲದು, ಅಸಲಿನ ಮಾತಂತೂ ಇಲ್ಲ. ಹೊಗೆನಕಲ್ಲಿಗೆ ಶನಿವಾರ ಭಾನುವಾರ ಜನ ತುಂಬುತ್ತಾರೆ. ಹೊಳೆಗೆ ಪ್ರವಾಹ ಬಂದಾಗ ಹರಿಗೋಲು ನಿಲ್ಲುತ್ತದೆ, ರಸ್ತೆಯೂ ಖಾಲಿ. ಬಡ್ಡಿ ಮಾತ್ರ ಯಾವ ಪ್ರವಾಹಕ್ಕೂ ನಿಲ್ಲದು.

ನಿಂತ ಕಡೆ ನಿಧಾನವೇ ಸಾಕು

ಇಲ್ಲಿಗೆ ಬಂದವರು ಏನು ಮಾಡುತ್ತಾರೆ? ಎಣ್ಣೆ ತಿಕ್ಕಿಸಿಕೊಂಡು ಜಳಕ ಮಾಡುತ್ತಾರೆ, ಹರಿಗೋಲು ಹತ್ತುತ್ತಾರೆ, ಹುರಿದ ಮೀನು ತಿಂದು ಉಣ್ಣುತ್ತಾರೆ. ಮೂರು ನಾಲ್ಕು ಗಂಟೆ ಕಾರು ಸುಮ್ಮನೆ ನಿಂತಿರುತ್ತದೆ. 7.4 ಕಿಲೋವ್ಯಾಟಿನ ಸಣ್ಣ ಯಂತ್ರವು ನಾಲ್ಕು ಗಂಟೆಯಲ್ಲಿ 29 ಯೂನಿಟ್ ಕೊಡಬಲ್ಲದು. ಅಷ್ಟನ್ನು ಹೀರಬಲ್ಲ ಕಾರಿಗೆ ಮೇಲೆ ಹೇಳಿದ 24 ಯೂನಿಟ್ ತುಂಬಿ ಮಿಗುವುದು. ಘಟ್ಟ ಹತ್ತಿ ಧರ್ಮಪುರಿ ಸೇರಲು ಧಾರಾಳವಾಗಿ ಸಾಕು. ಅದರ ಭಾರ ಎರಡು ಪಂಪುಸೆಟ್ಟುಗಳಷ್ಟೇ. ಕೆಲವು ಕಾರುಗಳು 3.3 ಕಿಲೋವ್ಯಾಟಿಗಿಂತ ಹೆಚ್ಚು ತೆಗೆದುಕೊಳ್ಳವೆಂಬುದನ್ನೂ ತಿಳಿದಿರಬೇಕು. ಸುಮಾರು 3 ಯೂನಿಟ್ ಹಿಡಿಯುವ ಸ್ಕೂಟರಿಗಾದರೋ ಅದರದೇ ಚಾರ್ಜರು, ಸರಿಯಾದ ಒಂದು ಪ್ಲಗ್ಗು ಇದ್ದರಾಯಿತು.

ಅವಸರವಿರುವುದು ಹೆದ್ದಾರಿಯವನಿಗೆ. ಬೆಂಗಳೂರಿನಿಂದ ಸೇಲಂ ಕಡೆಗೆ ಹೋಗುವವನು ಕೃಷ್ಣಗಿರಿಯಲ್ಲೋ ಧರ್ಮಪುರಿಯಲ್ಲೋ ಅರ್ಧ ಗಂಟೆ ನಿಂತು, ಕಾಫಿ ಕುಡಿದು ಹೊರಡಬೇಕು. ಶೀಘ್ರ ಯಂತ್ರಕ್ಕೆ ತಕ್ಕ ಸ್ಥಳ ಅದು.

ಗಮನದಲ್ಲಿಡಬೇಕಾದವು

1. ಹೊಲದ ಉಚಿತ ಕರೆಂಟಿನಿಂದ ವಾಹನಕ್ಕೆ ಚಾರ್ಜ್ ಕೊಡಕೂಡದು. ಮಂಜೂರಾದ ಉದ್ದೇಶ ಬಿಟ್ಟು ಬಳಸಿದರೆ 2003ರ ವಿದ್ಯುತ್ ಕಾಯಿದೆಯಂತೆ ದಂಡ ತೆರಬೇಕಾದೀತು.

2. ಯೂನಿಟ್ ದರವನ್ನು ಮಾತ್ರ ಕೇಳಿ ಬರಬೇಡಿ. ಮಂಜೂರಾದ ಕಿಲೋವ್ಯಾಟಿಗೆ ತಿಂಗಳ ನಿಗದಿ ಶುಲ್ಕವೆಷ್ಟೆಂದೂ ಕೇಳಿರಿ. ಕಾರು ಬಾರದಿದ್ದರೂ ಅದನ್ನು ತೆರಬೇಕು.

3. ಭೂಮಿ ತಂತಿಯನ್ನೂ, ಕರೆಂಟು ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ಚನ್ನೂ ತಪ್ಪದೆ ಹಾಕಿಸಿರಿ. ಬಂಕಿನಲ್ಲಾದರೆ ಯಂತ್ರವು ಪೆಟ್ರೋಲಿನ ಆವಿ ಸುಳಿಯುವ ಅಪಾಯದ ವಲಯದಿಂದ ಹೊರಗಿರಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ನನ್ನ ವಿದ್ಯಾರ್ಥಿಯು ಈಗ ಅಂಗಡಿಯ ಮಗ್ಗುಲಿನ ಹುಣಸೆಮರದ ಕೆಳಗೆ ಒಂದೇ ಒಂದು ಸಣ್ಣ ಯಂತ್ರಕ್ಕೆ ಅರ್ಜಿ ಬರೆಯುತ್ತಿದ್ದಾನೆ. ಹೊಲದ ಪತ್ರ ಪೆಟ್ಟಿಗೆಯಲ್ಲಿಯೇ ಇದೆ.