ಕಿರುಗಾಡಿಯೂ ಕಾಣದ ಕಣ್ಣೂ

ಹೊಸಪೇಟೆಯ ಹೊರವಲಯದಲ್ಲಿ ಹೆದ್ದಾರಿಯ ಬದಿಗೆ ಅರ್ಧ ಗಂಟೆ ನಿಂತರೆ ಸಾಕು. ಚಕ್ರವುಳ್ಳ ಸಕಲ ಸೃಷ್ಟಿಯೂ ನಮ್ಮ ಮುಂದೆ ಹಾಯ್ದುಹೋಗುತ್ತದೆ. ಸಂಡೂರಿನ ಗಣಿಗಳಿಂದ ಅದಿರನ್ನು ಹೊತ್ತ ಲಾರಿಗಳು, ಹಂಪೆಯನ್ನು ನೋಡಬಂದ ಪ್ರವಾಸಿಗರ ಬಸ್ಸುಗಳು, ಕಂಪ್ಲಿಯ ಕಡೆಯಿಂದ ಬತ್ತವನ್ನೋ ಕಬ್ಬನ್ನೋ ಹೇರಿಕೊಂಡು ಬರುವ ಟ್ರ್ಯಾಕ್ಟರುಗಳು. ಇವುಗಳ ನಡುವೆ ಆಗಾಗ ಒಂದು ಪುಟ್ಟ ಮೋಟಾರುಗಾಡಿ, ಆನೆಗಳ ಹಿಂಡಿನಲ್ಲಿ ಸಿಕ್ಕ ಮೊಲದಂತೆ, ನುಸುಳಿಕೊಂಡು ಹೋಗುವುದನ್ನು ಕಾಣುತ್ತೇವೆ. ಅದರೊಳಗೆ ಕುಳಿತು ಈ ಹಾದಿಗಳಲ್ಲಿ ಸಂಚರಿಸಿದವರನ್ನು ಕೇಳಿ ನೋಡಿ. ಅಡ್ಡರಸ್ತೆಯಿಂದ ತಟ್ಟನೆ ಎದುರಿಗೆ ಬಂದ ಲಾರಿ, ಹಿಂದೆ ಹಾಕಿದೊಡನೆಯೇ ಎಡಕ್ಕೆ ವಾಲಿ ಗಾಡಿಯನ್ನು ರಸ್ತೆಯಿಂದ ಕೆಳಕ್ಕಿಳಿಸಿದ ಬಸ್ಸು—ಇಂತಹ ಕೂದಲೆಳೆಯ ಅಂತರದ ಕಥೆಗಳಿಗೆ ಅವರಲ್ಲಿ ಬರವಿಲ್ಲ. ಪ್ರತಿಯೊಂದರ ಕೊನೆಯಲ್ಲಿಯೂ ಎದುರಿನ ಚಾಲಕನ ಮಾತು ಒಂದೇ: “ನಾನು ನೋಡಲೇ ಇಲ್ಲ, ಸ್ವಾಮಿ.”

ಈ ಮಾತನ್ನು ನಾವು ಸುಳ್ಳೆಂದು ತಳ್ಳಿಹಾಕುವುದು ವಾಡಿಕೆ. ಆದರೆ ಅದು ಬಹುಮಟ್ಟಿಗೆ ನಿಜವಾಗಿರಬಹುದೆಂಬುದೇ ವಿಚಾರ ಮಾಡತಕ್ಕ ಸಂಗತಿ. ಅವನ ಕಣ್ಣು ತೆರೆದಿತ್ತು, ಮುಖ ಇತ್ತಲೇ ತಿರುಗಿತ್ತು. ಆದರೂ ಗಾಡಿ ಅವನಿಗೆ ಕಾಣಲಿಲ್ಲ. ಇದು ಹೇಗೆ?

ಮೊದಲು ಗಾತ್ರವನ್ನು ತೆಗೆದುಕೊಳ್ಳೋಣ. ೨೦೦೧ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ, ಮುಂದೆ ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿದ ‘ರೇವಾ’ ಎಂಬ ವಿದ್ಯುತ್ ಗಾಡಿಯ ಉದ್ದ ಸುಮಾರು ೨.೬೪ ಮೀಟರ್, ಅಗಲ ೧.೩೨ ಮೀಟರ್. ೨೦೦೯ರಲ್ಲಿ ಬಂದ ‘ನ್ಯಾನೋ’ ಇದಕ್ಕಿಂತ ತುಸು ದೊಡ್ಡದು: ಉದ್ದ ೩.೧ ಮೀಟರ್, ಅಗಲ ೧.೫ ಮೀಟರ್. ಇವೆರಡರ ತಯಾರಿಕೆಯೂ ಈಗ ನಿಂತುಹೋಗಿದೆಯಾದರೂ, ೨೦೨೩ರಲ್ಲಿ ಬಂದ ‘ಕಾಮೆಟ್’ ಎಂಬ ವಿದ್ಯುತ್ ಗಾಡಿಯ ಉದ್ದವೂ ಮೂರು ಮೀಟರನ್ನು ಮುಟ್ಟುವುದಿಲ್ಲ. ಎಂದರೆ ಕಿರುಗಾಡಿಯ ವಂಶ ಅಳಿದಿಲ್ಲ. ಅದಿರಿನ ಲಾರಿಯ ಅಗಲವೋ ಸುಮಾರು ಎರಡೂವರೆ ಮೀಟರ್.

ನಮ್ಮ ಕಣ್ಣು ದೂರವನ್ನು ಅಳೆಯಲು ಬಳಸುವ ಮುಖ್ಯ ಸಾಧನಗಳಲ್ಲಿ ಒಂದು, ವಸ್ತುವು ಕಣ್ಣಿನಲ್ಲಿ ಉಂಟುಮಾಡುವ ಕೋನ. ನೂರು ಮೀಟರ್ ದೂರದಲ್ಲಿರುವ ರೇವಾ ಗಾಡಿಯ ಅಗಲವು ಸುಮಾರು ಮುಕ್ಕಾಲು ಡಿಗ್ರಿಯ ಕೋನವನ್ನು ಉಂಟುಮಾಡುತ್ತದೆ. ಆಕಾಶದ ಪೂರ್ಣಚಂದ್ರನ ಕೋನ ಅರ್ಧ ಡಿಗ್ರಿ ಎಂಬುದನ್ನು ನೆನೆದರೆ ಇದೆಷ್ಟು ಕಿರಿದೆಂಬುದು ತಿಳಿದೀತು. ಇದೇ ಕೋನವನ್ನು ಉಂಟುಮಾಡಬೇಕಾದರೆ ಲಾರಿಯು ಸುಮಾರು ೧೯೦ ಮೀಟರ್ ದೂರದಲ್ಲಿರಬೇಕು! ದಿನವಿಡೀ ಲಾರಿಗಳನ್ನೇ ಕಂಡು ಪಳಗಿದ ಕಣ್ಣು, ಕಿರುಗಾಡಿಯನ್ನು ಅದಿರುವುದಕ್ಕಿಂತ ದೂರದಲ್ಲಿದೆಯೆಂದು ಭಾವಿಸುವುದರಲ್ಲಿ ಆಶ್ಚರ್ಯವೇನು? ರಾತ್ರಿಯಲ್ಲಂತೂ ಈ ಭ್ರಮೆಗೆ ತಡೆಯೇ ಇಲ್ಲ. ಆಗ ಕಾಣುವುದು ಎರಡು ದೀಪಗಳು ಮಾತ್ರ. ಅವುಗಳ ನಡುವಣ ಅಂತರದಿಂದಲೇ ದೂರವನ್ನು ಊಹಿಸಬೇಕು. ಕಿರುಗಾಡಿಯ ದೀಪಗಳು ಒಂದಕ್ಕೊಂದು ಹತ್ತಿರವಿರುವುದರಿಂದ ಗಾಡಿಯೇ ದೂರವೆನಿಸುತ್ತದೆ. (ಒಂದು ದೀಪ ಕೆಟ್ಟ ಲಾರಿಯು ಮೋಟಾರು ಸೈಕಲ್ಲಿನಂತೆ ತೋರಿ ಮೋಸಮಾಡುವುದು ಇದೇ ತತ್ತ್ವದ ಮತ್ತೊಂದು ಮುಖ.)

ದೂರ ತಿಳಿಯದಿದ್ದರೂ ವೇಗವಾದರೂ ತಿಳಿಯಬೇಡವೆ? ನೇರವಾಗಿ ನಮ್ಮತ್ತ ಬರುತ್ತಿರುವ ವಸ್ತುವಿನ ಚಲನೆ ನಮಗೆ ಗೋಚರಿಸುವುದು, ಅದು ‘ಹಿಗ್ಗುವುದರಿಂದ’. ಕಣ್ಣಿನಲ್ಲಿ ಅದರ ಕೋನ ಹಿಗ್ಗುವ ದರವನ್ನು ಕಂಡುಹಿಡಿಯುವುದು ಸುಲಭ: ವಸ್ತುವಿನ ಅಗಲವನ್ನು ವೇಗದಿಂದ ಗುಣಿಸಿ, ದೂರದ ವರ್ಗದಿಂದ ಭಾಗಿಸಿದರೆ ಆಯಿತು. ಈ ದರವು ಸೆಕೆಂಡಿಗೆ ಸುಮಾರು ೦.೦೦೩ ರೇಡಿಯನ್ನಿಗಿಂತ ಕಡಿಮೆಯಿದ್ದರೆ ಹಿಗ್ಗುವಿಕೆ ಸಾಮಾನ್ಯವಾಗಿ ಮನಸ್ಸಿಗೆ ತಟ್ಟುವುದಿಲ್ಲ. ವಸ್ತು ನಿಂತಲ್ಲೇ ನಿಂತಂತೆ ತೋರುತ್ತದೆ. ಗಂಟೆಗೆ ೬೦ ಕಿಲೋಮೀಟರ್ ವೇಗಕ್ಕೆ ಲೆಕ್ಕ ಹಾಕಿ ನೋಡಿ. ಲಾರಿಯ ವಿಷಯದಲ್ಲಿ ಈ ಮಿತಿ ದಾಟುವುದು ಸುಮಾರು ೧೧೮ ಮೀಟರ್ ದೂರದಲ್ಲಿ; ರೇವಾದ ವಿಷಯದಲ್ಲಿ ೮೫ ಮೀಟರಿನಲ್ಲಿ. ಎಂದರೆ, ಅಡ್ಡರಸ್ತೆಯಲ್ಲಿ ಕಾದು ನಿಂತ ಚಾಲಕನಿಗೆ ಲಾರಿಯು ಏಳು ಸೆಕೆಂಡಿನ ಎಚ್ಚರಿಕೆಯನ್ನು ಕೊಟ್ಟರೆ, ಕಿರುಗಾಡಿ ಕೊಡುವುದು ಐದೇ ಸೆಕೆಂಡು. ಮಿತಿಯು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾದರೂ ಇವೆರಡರ ಪ್ರಮಾಣ ಬದಲಾಗದು. ಭಾರ ಹೊತ್ತ ಟ್ರ್ಯಾಕ್ಟರು ಹೆದ್ದಾರಿಯನ್ನು ಅಡ್ಡಹಾಯಲು ಆ ಎರಡು ಸೆಕೆಂಡುಗಳೇ ಬೇಕಾಗಿದ್ದಿರಬಹುದು.

ಇನ್ನೊಂದು ಸಂಗತಿ ಇದಕ್ಕಿಂತಲೂ ವಿಚಿತ್ರವಾದುದು. ಮೋಟಾರಿನ ಮುಂಗಾಜಿನ ಇಕ್ಕೆಲಗಳಲ್ಲಿ ಚಾವಣಿಯನ್ನು ಹೊತ್ತ ಉಕ್ಕಿನ ಕಂಬಗಳಿರುವುದನ್ನು ಎಲ್ಲರೂ ನೋಡಿದ್ದೇವೆ. ಕಂಬದ ದಪ್ಪ ಹತ್ತು ಸೆಂಟಿಮೀಟರ್, ಕಣ್ಣಿನಿಂದ ಅದರ ದೂರ ಎಪ್ಪತ್ತು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎರಡು ಕಣ್ಣುಗಳಿಂದ ನೋಡಿದರೂ, ಐವತ್ತು ಮೀಟರ್ ದೂರದಲ್ಲಿ ಸುಮಾರು ಎರಡೂವರೆ ಮೀಟರ್ ಅಗಲದಷ್ಟು ಜಾಗ ಆ ಕಂಬದ ಹಿಂದೆ ಮರೆಯಾಗಿರುತ್ತದೆ. ಲಾರಿಯ ಉದ್ದಕ್ಕೆ ಈ ಮರೆ ಸಾಲದು. ಅದರ ಮೂತಿಯೋ ಬಾಲವೋ ಹೊರಗೆ ಕಂಡೇ ಕಾಣುತ್ತದೆ. ರೇವಾದಂತಹ ಗಾಡಿಯನ್ನು ಬಹುಪಾಲು ನುಂಗಲು ಇಷ್ಟೇ ಸಾಕು.

ಕ್ಷಣಮಾತ್ರದ ಮರೆ, ಒಡನೆಯೇ ಸರಿದುಹೋಗುತ್ತದೆ ಎನ್ನುವಿರಾ? ಅಲ್ಲಿಯೇ ಇರುವುದು ಕುತ್ತು. ಎರಡು ವಾಹನಗಳು ಸಮವೇಗದಲ್ಲಿ ನೇರವಾಗಿ ಸಾಗುತ್ತ ಒಂದೇ ಕೂಡುರಸ್ತೆಯನ್ನು ಒಂದೇ ಕ್ಷಣದಲ್ಲಿ ಮುಟ್ಟುವಂತಿದ್ದರೆ, ಒಂದರಿಂದ ನೋಡಿದಾಗ ಮತ್ತೊಂದರ ದಿಕ್ಕು ಕಿಂಚಿತ್ತೂ ಬದಲಾಗುವುದಿಲ್ಲ. ಕಾಗದದ ಮೇಲೆ ಎರಡು ಅಡ್ಡಗೆರೆಗಳನ್ನೆಳೆದು, ಸಮಾನ ಅಂತರದ ಚುಕ್ಕಿಗಳನ್ನಿಟ್ಟು, ಜೋಡಿ ಜೋಡಿಯಾಗಿ ಸೇರಿಸಿ ನೋಡಿ. ಸೇರಿಸಿದ ಗೆರೆಗಳೆಲ್ಲ ಸಮಾಂತರವಾಗಿರುತ್ತವೆ. ಹಡಗಿನವರು ಇದನ್ನು ಚೆನ್ನಾಗಿ ಬಲ್ಲರು: ದೂರದ ನೌಕೆಯ ದಿಕ್ಕು ಬದಲಾಗದೆ ಅದು ಹತ್ತಿರವಾಗುತ್ತಿದ್ದರೆ ಢಿಕ್ಕಿ ಖಂಡಿತ. ಕಂಪ್ಲಿಯ ಸುತ್ತಣ ಗದ್ದೆಬಯಲಿನಲ್ಲಿ ರಸ್ತೆ ನೇರ, ಮರೆಗೆ ಗುಡ್ಡವಿಲ್ಲ. ಇಲ್ಲಿ ಯಾರಿಗೆ ಯಾರು ಕಾಣರು ಎಂದೆನಿಸುತ್ತದೆ. ಆದರೆ ಢಿಕ್ಕಿಯ ಹಾದಿಯಲ್ಲಿರುವ ಕಿರುಗಾಡಿ ಒಮ್ಮೆ ಕಂಬದ ಹಿಂದೆ ಸೇರಿತೆಂದರೆ ಕೊನೆಯವರೆಗೂ ಅಲ್ಲಿಯೇ ಉಳಿದೀತು. ತಪ್ಪಿಸಿಕೊಂಡು ಹೋಗುವ ಗಾಡಿ ಕಣ್ಣಿಗೆ ಬೀಳುತ್ತದೆ. ಮೇಲೆ ಬೀಳುವ ಗಾಡಿ ಮರೆಯಲ್ಲಿರುತ್ತದೆ!

ಬೆಳಕಿನ ವಿಷಯವನ್ನೂ ಹೇಳಬೇಕು. ಹಂಪೆ, ಕಂಪ್ಲಿಗಳೆರಡೂ ಹೊಸಪೇಟೆಗೆ ಈಶಾನ್ಯದ ಕಡೆಗಿವೆ. ಆದುದರಿಂದ ಸಂಜೆ ಮರಳುವ ಚಾಲಕನಿಗೆ ಬಾಗಿದ ಸೂರ್ಯನು ಎದುರಾಗುತ್ತಾನೆ. ಗಾಜಿನ ಮೇಲೆ ಕುಳಿತ ಕೆಂಧೂಳಿನ ಒಂದೊಂದು ಕಣವೂ ಆ ಬೆಳಕನ್ನು ಚದರಿಸಿ, ಗಾಜನ್ನೇ ಹೊಳೆಯುವ ಪರದೆಯನ್ನಾಗಿ ಮಾಡುತ್ತದೆ. ಲಾರಿಯ ಕರಿಯ ಆಕಾರ ಅದರಲ್ಲಿಯೂ ತೋರೀತು. ಪುಟ್ಟ ಗಾಡಿ ಕರಗಿಹೋಗುತ್ತದೆ.

ಕಣ್ಣಿಗೆ ಬಿದ್ದುದೆಲ್ಲ ಮನಸ್ಸಿಗೆ ಬೀಳುತ್ತದೆಂಬ ನಂಬಿಕೆಯೂ ಸರಿಯಲ್ಲ. ಡೇನಿಯಲ್ ಸೈಮನ್ಸ್, ಕ್ರಿಸ್ಟೊಫರ್ ಚಾಬ್ರಿಸ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ೧೯೯೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆಂಡಾಟದ ಚಿತ್ರವೊಂದನ್ನು ತೋರಿಸಿ ಚೆಂಡು ಎಷ್ಟು ಸಲ ಕೈಬದಲಾಯಿತೆಂದು ಎಣಿಸಲು ಹೇಳಿದರು. ಆಟದ ನಡುವೆ ಗೊರಿಲ್ಲಾ ವೇಷಧಾರಿಯೊಬ್ಬರು ನಡೆದುಹೋದರೂ ಪ್ರೇಕ್ಷಕರಲ್ಲಿ ಅರ್ಧದಷ್ಟು ಮಂದಿಗೆ ಅದು ತಿಳಿಯಲೇ ಇಲ್ಲ! ಲಾರಿಗಳನ್ನು ಎಣಿಸುವ ಮನಸ್ಸು ಕಿರುಗಾಡಿಯನ್ನು ಬಿಟ್ಟುಬಿಡುವುದು ಹೀಗೆಯೇ. ಇನ್ನು ಕೈಯಲ್ಲಿ ದೂರವಾಣಿಯನ್ನು ಹಿಡಿದು ನೋಡುವ ಚಾಲಕನ ಮಾತೇನು? ಗಂಟೆಗೆ ೬೦ ಕಿಲೋಮೀಟರಿನಲ್ಲಿ ಎರಡು ಸೆಕೆಂಡು ಕಣ್ಣು ಕೆಳಗಿಟ್ಟರೆ ಗಾಡಿ ೩೩ ಮೀಟರ್ ಕುರುಡಾಗಿ ಓಡಿರುತ್ತದೆ. ಅವನಿಗೆ ಮೇಲೆ ಹೇಳಿದ ಯಾವ ವಿನಾಯಿತಿಯೂ ಸಲ್ಲದೆಂದು ನಮ್ಮ ಅಭಿಪ್ರಾಯ.

ಢಿಕ್ಕಿಯಾದರೆ ನಷ್ಟವನ್ನು ಹಂಚುವುದು ಸಂವೇಗದ ನಿಯಮ, ಅದಕ್ಕೆ ದಯೆಯಿಲ್ಲ. ೨೦೧೧ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವ ಮುನ್ನ ಸಂಡೂರಿನ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲೇ ಇರುತ್ತಿತ್ತು. ಬಳಿಕ ಷರತ್ತುಗಳೊಡನೆ ಗಣಿಗಳು ಮತ್ತೆ ತೆರೆದವು. ಹತ್ತು ಚಕ್ರದ ಲಾರಿಗೆ ೨೦೧೮ರ ನಿಯಮದಂತೆ ಸರಕು ಸೇರಿ ಇಪ್ಪತ್ತೆಂಟೂವರೆ ಟನ್ನಿನವರೆಗೆ ಅನುಮತಿಯುಂಟು. ಚಾಲಕನೂ ಸೇರಿ ೭೦೦ ಕಿಲೋಗ್ರಾಂ ತೂಗುವ ಗಾಡಿಗೆ ಇದು ನಲವತ್ತು ಪಟ್ಟು. ಎರಡೂ ಗಂಟೆಗೆ ೪೦ ಕಿಲೋಮೀಟರಿನಲ್ಲಿ ಎದುರುಬದುರಾಗಿ ಬಡಿದು ಅಂಟಿಕೊಂಡವೆನ್ನಿ. ಲಾರಿಯ ವೇಗ ೪೦ರಿಂದ ೩೮ಕ್ಕೆ ಇಳಿಯುತ್ತದೆ. ಅದರ ಚಾಲಕನಿಗೆ ಒಂದು ಕುಲುಕು. ಕಿರುಗಾಡಿಯಾದರೋ ಮುಂದಕ್ಕೆ ೪೦ರಲ್ಲಿ ಹೋಗುತ್ತಿದ್ದುದು ಹಿಂದಕ್ಕೆ ೩೮ರಲ್ಲಿ ಎಸೆಯಲ್ಪಡುತ್ತದೆ. ಒಟ್ಟು ೭೮ರ ವ್ಯತ್ಯಾಸ, ಅದೂ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ. ೨೦೧೪ರಲ್ಲಿ ‘ಗ್ಲೋಬಲ್ ಎನ್‌ಕ್ಯಾಪ್’ ಸಂಸ್ಥೆಯು ನ್ಯಾನೋ ಸೇರಿದಂತೆ ಭಾರತದ ಐದು ಸಣ್ಣ ಗಾಡಿಗಳನ್ನು ಗಂಟೆಗೆ ೬೪ ಕಿಲೋಮೀಟರಿನಲ್ಲಿ ಗುದ್ದಿಸಿ ಪರೀಕ್ಷಿಸಿದಾಗ, ಗಾಳಿಚೀಲಗಳಿಲ್ಲದ ಆ ಐದಕ್ಕೂ ವಯಸ್ಕರ ರಕ್ಷಣೆಯಲ್ಲಿ ದೊರೆತುದು ಸೊನ್ನೆ. ಹೊಸ ಮಾದರಿಗಳಿಗೆ ಢಿಕ್ಕಿಯ ಪರೀಕ್ಷೆ ನಮ್ಮಲ್ಲಿ ಕಡ್ಡಾಯವಾದುದು ೨೦೧೭ರ ಅಕ್ಟೋಬರಿನಿಂದ.

ಕಿರುಗಾಡಿಯ ಚಾಲಕನ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಹಗಲಿನಲ್ಲಿಯೂ ಮುಂದೀಪ ಉರಿಸಿದರೆ ಗಾಡಿ ಹಿನ್ನೆಲೆಯಿಂದ ಬೇರೆಯಾಗಿ ಕಾಣುತ್ತದೆ. ಲಾರಿಯ ಎಡಮಗ್ಗುಲಿಗೆ ಅಂಟಿಕೊಂಡು ಸಾಗಬಾರದು; ಎತ್ತರದಲ್ಲಿ, ಬಲಗಡೆ ಕುಳಿತ ಚಾಲಕನಿಗೆ ಎಡಗಿಟಕಿಯ ಅಂಚು ಇದರ ಚಾವಣಿಯನ್ನೂ ಮರೆಮಾಡುತ್ತದೆ. ಕೂಡುರಸ್ತೆ ಸಮೀಪಿಸಿದಾಗ ವೇಗವನ್ನು ತುಸು ತಗ್ಗಿಸಿದರೆ ದಿಕ್ಕಿನ ಸಮತೆ ಮುರಿದು, ಗಾಡಿ ಕಂಬದ ಮರೆಯಿಂದ ಹೊರಬರುತ್ತದೆ. ದೊಡ್ಡ ವಾಹನದವನು ಮಾಡಬೇಕಾದುದೂ ಸ್ವಲ್ಪವೇ: ತಲೆಯನ್ನು ಒಮ್ಮೆ ಮುಂದಕ್ಕೆ ಬಾಗಿಸಿ ಕಂಬದ ಆಚೆಗೆ ನೋಡುವುದು.

ಹಿಗ್ಗುವಿಕೆಯ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ನೇರವಾದ ರಸ್ತೆ ಕಾಣುವ ಶಾಲೆಯ ಆವರಣದೊಳಗೆ, ಬೇಲಿಯ ಈಚೆಗೇ ನಿಂತು, ಒಂದು ವಾಹನವು ‘ಹಿಗ್ಗತೊಡಗಿತು’ ಎನಿಸಿದ ಕ್ಷಣದಿಂದ ಅದು ಎದುರಿಗೆ ಬರುವವರೆಗೆ ಸೆಕೆಂಡುಗಳನ್ನು ಎಣಿಸಿ ಬರೆದಿಡಿ. ಲಾರಿ, ಬಸ್ಸು, ಕಿರುಗಾಡಿ, ಮೋಟಾರು ಸೈಕಲ್ಲು ಇವುಗಳಿಗೆ ಬೇರೆ ಬೇರೆ ಸಾಲುಗಳಿರಲಿ. ಒಂದೊಂದಕ್ಕೂ ಇಪ್ಪತ್ತರಂತೆ ಎಣಿಸಿ ಸರಾಸರಿ ತೆಗೆದರೆ ಸಂಖ್ಯೆಗಳು ಯಾವ ಕ್ರಮದಲ್ಲಿ ಇಳಿಯುತ್ತವೆಂಬುದು ಪುಟದ ಮೇಲೆ ಕಾಣುತ್ತದೆ.