ವಿರುದ್ಧ ಸಂಖ್ಯೆಗಳೂ ಲೆಕ್ಕದ ಒಗಟುಗಳೂ

ಕನ್ನಡದ ಪಾಠದಲ್ಲಿ ಉಪಾಧ್ಯಾಯರು 'ಹಗಲು' ಎಂದರೆ ಮಕ್ಕಳು 'ಇರುಳು' ಎನ್ನುತ್ತಾರೆ. 'ಲಾಭ' ಎಂದರೆ 'ನಷ್ಟ' ಎನ್ನುತ್ತಾರೆ. ಮರುಗಳಿಗೆಯಲ್ಲಿ ಗಣಿತದ ಪಾಠ ಆರಂಭವಾಗಿ, 'ಐದಕ್ಕೆ ವಿರುದ್ಧವಾದುದು ಯಾವುದು?' ಎಂದು ಕೇಳಿದರೆ ಅದೇ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಮಾಧ್ಯಮಿಕ ಶಾಲೆಯಲ್ಲಿ ಈ ಪ್ರಶ್ನೆಯು ಒಂದು ಹೊಸ್ತಿಲಿನಂತೆ. ಅರಿತು ದಾಟಿದವನಿಗೆ ಬೀಜಗಣಿತದ ಮನೆಯೆಲ್ಲವೂ ತೆರೆಯುತ್ತದೆ. ಎಡವಿದವನು ಗಣಿತವೇ ತನಗೆ ಒಲಿಯದೆಂದು ನಂಬಿ, ಬಾಳೆಲ್ಲ ಅದರಿಂದ ದೂರವಿದ್ದುಬಿಡುತ್ತಾನೆ. ಆದುದರಿಂದ ಈ ಹೊಸ್ತಿಲನ್ನು ಸ್ವಲ್ಪ ನಿಂತು ನೋಡುವುದು ಯುಕ್ತವಾಗಿದೆ. ನಿದರ್ಶನಗಳಿಗಾಗಿ ಬಾಗಲಕೋಟೆಯ ಸೀಮೆಗೆ ಹೋಗೋಣ.

ಇಳಕಲ್ಲಿನ ಮಗ್ಗದಲ್ಲಿ ಹಾಸು ಉದ್ದಕ್ಕೂ ಹೊಕ್ಕು ಅಡ್ಡಲಾಗಿಯೂ ಇರುತ್ತದೆ. ಇವೆರಡನ್ನೂ ವಿರುದ್ಧವೆನ್ನಬಹುದೆ? ದಿಕ್ಕು ಬೇರೆಯಾದರೂ ಎರಡೂ ಸೇರಿದರೆ ಸೀರೆಯಾಗುತ್ತದೆಯೇ ಹೊರತು ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಗಣಿತದಲ್ಲಿ ವಿರುದ್ಧವೆಂಬುದಕ್ಕೆ ಅರ್ಥವು ಇನ್ನೂ ಬಿಗಿಯಾದುದು. ಯಾವುದನ್ನು ಕೂಡಿಸಿದರೆ ಸೊನ್ನೆ ಉಳಿಯುವುದೋ ಅದೇ ವಿರುದ್ಧ ಸಂಖ್ಯೆ. ಬಾದಾಮಿಯ ಗುಹೆಗಳಿಗೆ ಐದು ಮೆಟ್ಟಿಲು ಹತ್ತಿ ಐದು ಮೆಟ್ಟಿಲು ಇಳಿದವನು ಹೊರಟ ಸ್ಥಳದಲ್ಲಿಯೇ ಇರುತ್ತಾನೆ. ಹತ್ತಿದ ಐದಕ್ಕೆ ಇಳಿದ ಐದು ವಿರುದ್ಧ. ಎರಡರ ಮೊತ್ತ ಸೊನ್ನೆ.

ಈ ವಿಚಾರವನ್ನು ನಮ್ಮ ಪೂರ್ವಿಕರು ಬಹು ಹಿಂದೆಯೇ ಸ್ಪಷ್ಟಪಡಿಸಿದ್ದರು. ಕ್ರಿ. ಶ. 628ರಲ್ಲಿ, ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿಯು ಆಳುತ್ತಿದ್ದ ಕಾಲದಲ್ಲಿ, ಉತ್ತರದ ಭಿಲ್ಲಮಾಲದ ಬ್ರಹ್ಮಗುಪ್ತನು ತನ್ನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಸಂಖ್ಯೆಗಳನ್ನು ಧನ, ಋಣ, ಶೂನ್ಯ ಎಂದು ವಿಂಗಡಿಸಿ ಅವುಗಳ ಸಂಕಲನ ಗುಣಾಕಾರಗಳ ನಿಯಮಗಳನ್ನು ಹೇಳಿದನು. ಧನವೆಂದರೆ ಆಸ್ತಿ, ಋಣವೆಂದರೆ ಸಾಲ. ಈ ಹೆಸರುಗಳಲ್ಲಿಯೇ ಪಾಠವೆಲ್ಲ ಅಡಗಿದೆ. ಪುಸ್ತಕವನ್ನು ತೆರೆಯುವ ಮುನ್ನವೇ ಎಷ್ಟೋ ಮಕ್ಕಳು ಸಾಲವೆಂದರೇನೆಂಬುದನ್ನು ಮನೆಯಲ್ಲಿ ಕಂಡಿರುತ್ತಾರೆ. ನೂರು ರೂಪಾಯಿ ಕೈಯಲ್ಲಿದ್ದು ನೂರು ರೂಪಾಯಿ ಸಾಲವಿದ್ದವನ ಸ್ಥಿತಿ ಏನೆಂದು ನೇಕಾರನ ಮಗಳನ್ನು ಕೇಳಿದರೆ, 'ಏನೂ ಇಲ್ಲ' ಎಂದು ಆಕೆ ಒಡನೆಯೇ ಹೇಳುವಳು. ಬ್ರಹ್ಮಗುಪ್ತನ ನಿಯಮವೂ ಅದೇ.

ಕಷ್ಟವು ಗುಣಾಕಾರದಲ್ಲಿದೆ. ಋಣವನ್ನು ಋಣದಿಂದ ಗುಣಿಸಿದರೆ ಧನವೆಂಬ ಮಾತನ್ನು ನಾವು ಬಾಲ್ಯದಲ್ಲಿ ಬಾಯಿಪಾಠ ಮಾಡಿದೆವು. ಏಕೆಂದು ಕೇಳಿದಾಗ ದೊರೆತ ಉತ್ತರ, 'ನಿಯಮವೇ ಹಾಗೆ' ಎಂಬುದು. ನಿಯಮವು ನೆನಪಿನಲ್ಲಿ ಉಳಿಯಿತು, ಸಂಶಯವೂ ಉಳಿಯಿತು. ಅದನ್ನು ಬಿಡಿಸುವುದು ದುಸ್ತರವೇನಲ್ಲ. ಒಬ್ಬನಿಗೆ ಐದೈದು ರೂಪಾಯಿಗಳ ಹಲವು ಸಾಲಗಳಿವೆ. ಅವುಗಳಲ್ಲಿ ಮೂರನ್ನು ಸಾಹುಕಾರನು ಮನ್ನಾ ಮಾಡಿದನು. ಸಾಲವೆಂಬ ಋಣ ಐದು, ತೆಗೆದುಹಾಕಿದುದೆಂಬ ಋಣ ಮೂರು. ಅವನ ಸ್ಥಿತಿಯು ಹದಿನೈದು ರೂಪಾಯಿಗಳಷ್ಟು ಉತ್ತಮವಾಯಿತು.

ಬಾಗಲಕೋಟೆಯ ಮಕ್ಕಳಿಗೆ ಇನ್ನೊಂದು ನಿದರ್ಶನವು ಕಣ್ಣೆದುರಿಗೇ ಇದೆ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಭಾಗಗಳನ್ನು ಮುಳುಗಿಸಿದುದರಿಂದಲೇ ಅಲ್ಲಿ ನವನಗರವು ಹುಟ್ಟಿತು. ಬೇಸಗೆಯಲ್ಲಿ ಆ ನೀರು ದಿನಕ್ಕೆ ಎರಡು ಅಂಗುಲದಂತೆ ಇಳಿಯುತ್ತಿದೆಯೆಂದು ಭಾವಿಸೋಣ. ಮೂರು ದಿನಗಳ ಹಿಂದೆ ಅದು ಎಲ್ಲಿತ್ತು? ಈಗಿನದಕ್ಕಿಂತ ಆರು ಅಂಗುಲ ಮೇಲೆ. ಇಳಿತವೂ ಋಣ, ಹಿಂದಿನ ಕಾಲವೂ ಋಣ, ಫಲವು ಧನ. ಹೀಗೆ ಎರಡು ಋಣಗಳ ಗುಣಲಬ್ಧವೂ ಧನವೇ ಆದುದರಿಂದ, ಯಾವ ಸಂಖ್ಯೆಯ ವರ್ಗವೂ ಋಣವಾಗಲಾರದು. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಗಣಿತಸಾರಸಂಗ್ರಹದಲ್ಲಿ ಹೇಳಿದುದು ಇದೇ ಕಾರಣದಿಂದ.

ಇನ್ನು ಒಗಟಿಗೆ ಬರೋಣ. ಸಂಖ್ಯೆಗಳಿಗೆ ವಿರುದ್ಧವಿರುವಂತೆ ಕ್ರಿಯೆಗಳಿಗೂ ವಿರುದ್ಧವುಂಟು: ಕೂಡುವುದಕ್ಕೆ ಕಳೆಯುವುದು, ಗುಣಿಸುವುದಕ್ಕೆ ಭಾಗಿಸುವುದು. ಕ್ರಿ. ಶ. 499ರ ಕಾಲದ ಆರ್ಯಭಟನೇ ಈ ವಿಲೋಮವಿಧಿಯನ್ನು ಸೂತ್ರರೂಪದಲ್ಲಿ ಕೊಟ್ಟಿದ್ದಾನೆ. ಇಳಕಲ್ಲಿನ ಒಬ್ಬನು ಬನಶಂಕರಿಯ ಜಾತ್ರೆಗೆ ಹೋಗಿ, ತನ್ನಲ್ಲಿದ್ದ ಹಣದಲ್ಲಿ ಅರ್ಧವನ್ನೂ ಮೇಲೆ ಹತ್ತು ರೂಪಾಯಿಯನ್ನೂ ಅಲ್ಲಿ ವೆಚ್ಚಮಾಡಿದನು. ಹಿಂದಿರುಗುವಾಗ ಹುನಗುಂದದಲ್ಲಿ ಉಳಿದುದರ ಅರ್ಧವನ್ನೂ ಮೇಲೆ ಹತ್ತು ರೂಪಾಯಿಯನ್ನೂ ಕಳೆದನು. ಮನೆ ಸೇರಿದಾಗ ಹತ್ತು ರೂಪಾಯಿ ಉಳಿದಿತ್ತು. ಮೊದಲೆಷ್ಟಿತ್ತು? ಅವನು ನಡೆದ ದಾರಿಯಲ್ಲಿಯೇ ಹಿಮ್ಮುಖವಾಗಿ ನಡೆಯಬೇಕು. ಹತ್ತಕ್ಕೆ ಹತ್ತು ಕೂಡಿ ಇಮ್ಮಡಿಸಿದರೆ ನಾಲ್ವತ್ತು. ಅದಕ್ಕೆ ಹತ್ತು ಕೂಡಿ ಇಮ್ಮಡಿಸಿದರೆ ನೂರು. ಕೊನೆಯಲ್ಲಿ ಮಾಡಿದುದನ್ನು ಮೊದಲು ಬಿಚ್ಚಬೇಕೆಂಬುದೇ ಇಲ್ಲಿಯ ಗುಟ್ಟು. ಮಡಿಸಿದ ಸೀರೆಯನ್ನು ಬಿಡಿಸುವ ಕ್ರಮವೂ ಇದೇ.

ಮತ್ತೊಂದು ಒಗಟು ಮಕ್ಕಳಿಗೆಲ್ಲ ಪ್ರಿಯವಾದುದು. ಒಂದು ಸಂಖ್ಯೆಯನ್ನು ನೆನೆಯಿರಿ, ಇಮ್ಮಡಿಸಿರಿ, ಹತ್ತನ್ನು ಕೂಡಿಸಿರಿ, ಅರ್ಧ ಮಾಡಿರಿ, ನೆನೆದುದನ್ನು ಕಳೆಯಿರಿ. ಉಳಿದುದು ಐದು. ತುಂಟ ಹುಡುಗನೊಬ್ಬನು ಋಣ ಮೂರನ್ನು ನೆನೆದಿದ್ದರೆ? ಇಮ್ಮಡಿಸಿದರೆ ಋಣ ಆರು; ಹತ್ತು ಕೂಡಿದರೆ ನಾಲ್ಕು; ಅರ್ಧ ಎರಡು. ಅದರಿಂದ ಋಣ ಮೂರನ್ನು ಕಳೆಯಬೇಕು, ಎಂದರೆ ಮೂರು ರೂಪಾಯಿಯ ಸಾಲವನ್ನು ತೆಗೆದುಹಾಕಬೇಕು. ಎರಡು ಐದಾಯಿತು! ಒಗಟು ಕೆಡಲಿಲ್ಲ. ಇದನ್ನು ತಾನೇ ಮಾಡಿ ನೋಡಿದ ಹುಡುಗನಿಗೆ ಋಣಸಂಖ್ಯೆಯ ಭಯವು ಮತ್ತೆ ಬಾರದು.

ಈ ಸೀಮೆಯಲ್ಲಿ ಕಲ್ಲಿನ ಮೇಲೂ ಲೆಕ್ಕದ ಒಗಟುಗಳಿವೆ. ಬಾದಾಮಿಯ ಮೂರನೆಯ ಗುಹೆಯ ಶಾಸನವು ಶಕವರ್ಷ 500ರದು. 78 ಕೂಡಿದರೆ ಕ್ರಿ. ಶ. 578. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯು ಇನ್ನೂ ಸೊಗಸಾದ ಲೆಕ್ಕವನ್ನಿಟ್ಟಿದ್ದಾನೆ. ಭಾರತಯುದ್ಧದಿಂದ ಕಳೆದ ವರ್ಷಗಳನ್ನು ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂದೂ, ಶಕವರ್ಷಗಳನ್ನು ಐವತ್ತು, ಆರು, ಐನೂರು ಎಂದೂ ಬಿಡಿಬಿಡಿಯಾಗಿ ಹೇಳಿದ್ದಾನೆ. ಕೂಡಿಸಿದರೆ 3735 ಮತ್ತು 556. ಎರಡನೆಯದಕ್ಕೆ 78 ಸೇರಿಸಿದರೆ ಕ್ರಿ. ಶ. 634, ಬ್ರಹ್ಮಗುಪ್ತನ ಗ್ರಂಥವಾದ ಆರೇ ವರ್ಷಗಳ ಮೇಲೆ! ಈಗ 634ರಿಂದ 3735ನ್ನು ಕಳೆದರೆ ಋಣ 3101 ಬರುತ್ತದೆ. ಆದರೆ ಚರಿತ್ರಕಾರರು ಆ ಆರಂಭವನ್ನು ಕ್ರಿ. ಪೂ. 3102 ಎಂದು ಬರೆಯುತ್ತಾರೆ. ಒಂದು ವರ್ಷದ ಭೇದವೇಕೆ? ಕ್ರಿ. ಪೂ. 1 ಮುಗಿದೊಡನೆ ಕ್ರಿ. ಶ. 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ. ಸೊನ್ನೆಯನ್ನು ಬಿಟ್ಟ ಲೆಕ್ಕದಲ್ಲಿ ಒಂದು ತಪ್ಪಿಯೇ ತಪ್ಪುವುದು.

ಆದುದರಿಂದ ಉಪಾಧ್ಯಾಯರಲ್ಲಿಯೂ ತಂದೆತಾಯಿಗಳಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ಮಗುವು 'ಏಕೆ?' ಎಂದು ಕೇಳಿದಾಗ ನಿಯಮವನ್ನು ಮುಂದಿಟ್ಟು ಬಾಯಿ ಮುಚ್ಚಿಸಬೇಡಿರಿ. ಮೆಟ್ಟಿಲನ್ನೋ, ಹಿನ್ನೀರನ್ನೋ, ಮನೆಯ ಲೆಕ್ಕದ ಪುಸ್ತಕವನ್ನೋ ತೋರಿಸಿರಿ. ಬಾಯಿಪಾಠದ ನಿಯಮವು ಪರೀಕ್ಷೆಯವರೆಗೆ ನಡೆದೀತು. ತಾನೇ ಬಿಡಿಸಿದ ಒಗಟು ಬಾಳಿನುದ್ದಕ್ಕೂ ಜೊತೆಗಿರುತ್ತದೆ.